ಶಾಲು ಹೊದಿಸುವ ಮುಂಚಿನ ಕೆಲಸ

ಮಂಡ್ಯ ಜಿಲ್ಲೆಯ ಶಾಸಕರೊಬ್ಬರ ಬಳಿ ಹಲವು ವರ್ಷ ಆಪ್ತ ಸಹಾಯಕನಾಗಿದ್ದೆ. ವರ್ಗಾವಣೆಯ ಶಿಫಾರಸು, ಆಸ್ಪತ್ರೆಗೆ ಫೋನು, ಬೋರ್‌ವೆಲ್ ಅರ್ಜಿ, ಮೇಜಿನ ತುಂಬ ಮದುವೆ ಪತ್ರಿಕೆ. ಇವುಗಳ ನಡುವೆ ನನ್ನ ತಲೆಗೇ ಅಂಟಿಕೊಂಡ ಇನ್ನೊಂದು ಕೆಲಸ ಸನ್ಮಾನದ್ದು. ಯಾರನ್ನು ಕರೆಯಬೇಕು, ಅಭಿನಂದನಾ ಪತ್ರದಲ್ಲಿ ಏನಿರಬೇಕು, ಸಾಹೇಬರು ಮೈಕಿನ ಮುಂದೆ ಏನು ಹೇಳಬೇಕು ಎಲ್ಲವೂ ನನ್ನ ಪಾಲು. ನೋಡುವವರಿಗೆ ಅದು ಪೇಟ, ಶಾಲು, ಹಾರ, ಫಲತಾಂಬೂಲ, ಒಂದು ಫೋಟೊ; ಐದು ನಿಮಿಷದ ಬಾಬತ್ತು. ಆ ಐದು ನಿಮಿಷಕ್ಕೆ ಬೆಲೆ ಬರಬೇಕಾದರೆ ವಾರಗಟ್ಟಲೆ ಮುಂಚಿನಿಂದ ಓಡಾಡಬೇಕು. ಈಗ ಈ ಕೆಲಸಕ್ಕೆ ಬಂದಿರುವ ಹುಡುಗರು ಆಗಾಗ ಫೋನ್ ಮಾಡಿ ಕೇಳುತ್ತಾರೆ, ಅದಕ್ಕೇ ಬರೆದಿಡುತ್ತಿದ್ದೇನೆ.

ತಕರಾರು ಪಟ್ಟಿಯಿಂದಲೇ ಶುರು. ರಾಜ್ಯೋತ್ಸವಕ್ಕೆ, ಸ್ವಾತಂತ್ರ್ಯ ದಿನಕ್ಕೆ ತಾಲ್ಲೂಕು ಕಚೇರಿಯಲ್ಲಿ ಪೂರ್ವಭಾವಿ ಸಭೆ ಸೇರುತ್ತದೆ. ಹೋಬಳಿಗೊಬ್ಬರು ಬರಲಿ, ಸಮುದಾಯಕ್ಕೊಬ್ಬರು ಬರಲಿ, ಸಂಘಕ್ಕೊಬ್ಬರು ಬರಲಿ ಅನ್ನುತ್ತ ಅನ್ನುತ್ತ ಪಟ್ಟಿ ಬೆಳೆದು ವೇದಿಕೆಯಲ್ಲಿ ಕುರ್ಚಿ ಸಾಲದಾಗುತ್ತದೆ. ಇದನ್ನು ನಾನು ಪೂರಾ ತಪ್ಪು ಅನ್ನುವುದಿಲ್ಲ. ತಮ್ಮ ಕಡೆಯವರೊಬ್ಬರು ಮೇಲೆ ಕೂತರೆ ಯಾರಿಗೆ ಸಂತೋಷವಾಗುವುದಿಲ್ಲ? ಆದರೆ ಸಭೆಗೆ ಬಂದು ಹೆಸರು ಸೇರಿಸುವವರಿಗೆ ಗೊತ್ತಿರುವುದು ಸಭೆಗೆ ಬರುವಂಥವರ ಹೆಸರು ಮಾತ್ರ. ಹಾಗಾಗಿ ನಾನು ಬೇರೆಯವರನ್ನು ಕೇಳುತ್ತಿದ್ದೆ. ಬೆಳಿಗ್ಗೆ ಡೇರಿಗೆ ಹಾಲು ಹಾಕುವ ಹೊತ್ತಿಗೆ ಹೋಗಿ ಕಾರ್ಯದರ್ಶಿಯ ಪಕ್ಕ ನಿಂತರೆ ಊರಿನ ಅರ್ಧ ವಿಷಯ ಸಿಗುತ್ತದೆ. ಮಿಕ್ಕರ್ಧ ನೀರುಗಂಟಿ, ಪೋಸ್ಟ್‌ಮ್ಯಾನ್ ಮತ್ತು ಆಶಾ ಕಾರ್ಯಕರ್ತೆಯ ಹತ್ತಿರ ಇರುತ್ತದೆ. "ನಿಮ್ಮೂರಲ್ಲಿ ಸುಮ್ಮನೆ ಕೆಲಸ ಮಾಡ್ಕೊಂಡು ಹೋಗೋರು ಯಾರವ್ರೆ?" ಅಂದರೆ ಸಾಕು.

ಪಕ್ಷದ ಮಾತು ಬರದೆ ಇರುವುದಿಲ್ಲ. ಕಲ್ಯಾಣಿ ಚೊಕ್ಕ ಮಾಡಿದ ಬಳಗದ ಹುಡುಗನೊಬ್ಬನ ಹೆಸರು ಹೇಳಿದಾಗ ನಮ್ಮವರೇ ಒಬ್ಬರು, "ಅವ್ನು ಆ ಕಡೆಯವ್ನು ಕಣಣ್ಣ, ಅವ್ನಿಗ್ಯಾಕೆ ಪೇಟ?" ಅಂದರು. ಸಾಹೇಬರು, "ಕಲ್ಯಾಣಿ ಯಾವ ಪಾರ್ಟಿದಯ್ಯಾ, ಅದ್ನೂ ಹೇಳ್ಬುಡು" ಅಂದು ಬಾಯಿ ಮುಚ್ಚಿಸಿದರು. ಎಲ್ಲ ಸಲವೂ ಹೀಗೇ ಆಯಿತು ಅಂತ ಹೇಳಿದರೆ ಸುಳ್ಳಾದೀತು. ಚುನಾವಣೆ ಹತ್ತಿರ ಬಂದಂತೆ ಕೆಲವು ಹೆಸರು ಸದ್ದಿಲ್ಲದೆ ಪಟ್ಟಿಯಿಂದ ಜಾರುತ್ತಿದ್ದವು. ನೀತಿ ಸಂಹಿತೆ ಬಂದ ಮೇಲಂತೂ ಶಾಸಕರ ಹೆಸರೇ ಆಹ್ವಾನ ಪತ್ರಿಕೆಯಲ್ಲಿ ಇರುವಂತಿಲ್ಲ, ಆಗ ಎಲ್ಲ ಅಧಿಕಾರಿಗಳದೇ.

ಹೆಸರು ಗೊತ್ತಾದ ಮೇಲೆ ನಾನು ಪಾಲಿಸುತ್ತಿದ್ದ ನಿಯಮ ಒಂದೇ: ಕೆಲಸ ಆದ ಜಾಗಕ್ಕೆ ಹೋಗಿ ನೋಡದೆ ಒಂದು ಸಾಲೂ ಬರೆಯಬಾರದು. ಸಾಧ್ಯವಾದರೆ ಸಾಹೇಬರನ್ನೂ ಕರೆದೊಯ್ಯಬೇಕು, ಫೋಟೊದವರಿಲ್ಲದೆ. ಕಲ್ಯಾಣಿಯ ಮೆಟ್ಟಿಲಿಳಿದು ನೋಡಿದವರು ವೇದಿಕೆಯಲ್ಲಿ ಮಾತಾಡುವ ರೀತಿಯೇ ಬೇರೆ.

ಮೊದಲೆಲ್ಲ ಅಭಿನಂದನಾ ಪತ್ರ ಅಂದರೆ ಪ್ರಿಂಟಿಂಗ್ ಪ್ರೆಸ್ಸಿನ ಕಂಪ್ಯೂಟರಿನಲ್ಲೇ ಸಿದ್ಧವಾಗಿ ಕೂತಿರುತ್ತಿತ್ತು. "ಕನ್ನಡಾಂಬೆಯ ಹೆಮ್ಮೆಯ ಸುಪುತ್ರರೂ, ಸರಳ ಸಜ್ಜನಿಕೆಯ ಸಾಕಾರ ಮೂರ್ತಿಗಳೂ, ಸಮಾಜಕ್ಕೆ ದಾರಿದೀಪವೂ ಆದ" ಅಂತ ಶುರುವಾಗಿ, ಹೆಸರಿನ ಜಾಗದಲ್ಲಿ ಚುಕ್ಕೆ. ನಿವೃತ್ತ ಮೇಷ್ಟರಿಗೂ ಅದೇ, ಅಂಬುಲೆನ್ಸ್ ಡ್ರೈವರಿಗೂ ಅದೇ. ಆ ಕಲ್ಯಾಣಿಯ ಬಳಗಕ್ಕೆ ನಾನು ಬರೆದದ್ದು ಹೀಗಿತ್ತು: "ಊರ ಮುಂದಿನ ಕಲ್ಯಾಣಿಯ ಹೂಳನ್ನು ನೀವು ಮಂಕರಿಯಲ್ಲಿ ಹೊತ್ತು ಹಾಕಿದಿರಿ. ಈಶಾನ್ಯ ಮೂಲೆಯಲ್ಲಿ ಸರಿದಿದ್ದ ಮೆಟ್ಟಿಲುಗಲ್ಲುಗಳನ್ನು ಜೆಸಿಬಿ ಇಳಿಸದೆ, ಹಾರೆ ಮತ್ತು ಮರದ ದಿಮ್ಮಿ ಕೊಟ್ಟು ಮೊದಲಿದ್ದ ಜಾಗಕ್ಕೇ ಕೂರಿಸಿದಿರಿ. ಈ ವರ್ಷ ಯುಗಾದಿಗೆ ದೇವರ ಗಂಗೆಪೂಜೆ ಅಲ್ಲಿ ನಡೆಯಿತು." ಅಷ್ಟೇ, ಕೆಳಗೆ ಹೆಸರುಗಳು. ಓದಿದ ಸಾಹೇಬರು, "ಏನಯ್ಯಾ ಇದು, ಬಿಲ್ ಥರ ಐತೆ" ಅಂದರು. ವೇದಿಕೆಯಲ್ಲಿ ನಿರೂಪಕರು ಓದಿದಾಗ "ಹಾರೆ ಮತ್ತು ಮರದ ದಿಮ್ಮಿ" ಅನ್ನುವಲ್ಲಿ ಹಿಂದಿನ ಸಾಲಿನಿಂದ ಚಪ್ಪಾಳೆ ಬಂತು. ಆ ದಿಮ್ಮಿಗೆ ಹೆಗಲು ಕೊಟ್ಟಿದ್ದವರು ಅಲ್ಲಿ ಕೂತಿದ್ದರು. ಆಮೇಲೆ ಯಾವತ್ತೂ ಬಿಲ್ ಮಾತು ಬರಲಿಲ್ಲ.

ಬಿರುದಿಗಿಂತ ಮಾಡಿದ ಕೆಲಸವೇ ನೆನಪುಳಿಯುತ್ತದೆ ಅನ್ನುವುದಕ್ಕೆ ನಮ್ಮ ಜಿಲ್ಲೆಯಲ್ಲೇ ಒಳ್ಳೆಯ ಸಾಕ್ಷಿಯಿದೆ. ಮಳವಳ್ಳಿ ತಾಲ್ಲೂಕಿನ ದಾಸನದೊಡ್ಡಿಯ ಕಾಮೇಗೌಡರು ಕುರಿ ಕಾಯುತ್ತ ಕುಂದಿನಿ ಬೆಟ್ಟದಲ್ಲಿ ಕಟ್ಟೆಗಳನ್ನು ತೋಡಿದವರು. 2020ರ ಜೂನ್‌ನಲ್ಲಿ ಪ್ರಧಾನಿ ತಮ್ಮ ರೇಡಿಯೊ ಮಾತಿನಲ್ಲಿ ಅವರ ಹೆಸರೆತ್ತಿದಾಗ ದೇಶಕ್ಕೆಲ್ಲ ನೆನಪುಳಿದದ್ದು ಯಾವ ಬಿರುದೂ ಅಲ್ಲ. 16 ಕಟ್ಟೆ, ಒಬ್ಬ ಕುರಿಗಾಹಿ, ಒಂದು ಬೆಟ್ಟ. 2022ರಲ್ಲಿ ಅವರು ತೀರಿಕೊಂಡಾಗಲೂ ಜನ ಆಡಿಕೊಂಡದ್ದು ಅದನ್ನೇ. ಅವರ ಮೇಲೆ ಜಿಲ್ಲೆಯಲ್ಲಿ ಆದ ಎಷ್ಟೋ ಭಾಷಣಗಳ "ಆಧುನಿಕ ಭಗೀರಥ" ಯಾರ ನೆನಪಿನಲ್ಲೂ ಇಲ್ಲ. ಯಾಕೆಂದರೆ ಬೋರ್‌ವೆಲ್ ಕೊರೆಸಿದವರೂ ನಮ್ಮಲ್ಲಿ ಭಗೀರಥರೇ.

ಇನ್ನೂ ಹಳೆಯದು ಬೇಕಾದರೆ ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನವಿದೆ. ಕ್ರಿ.ಶ. 949-50ರದು, ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಯುದ್ಧದಲ್ಲಿ ಚೋಳರ ರಾಜಾದಿತ್ಯನ ವಿರುದ್ಧ ಗಂಗರ ಬೂತುಗನ ಕಡೆ ಕಾದಿದ ಮಣಲೆರನ ಪರಾಕ್ರಮಕ್ಕೆ ಒಡೆಯ ಮೆಚ್ಚಿ, ಏನು ಬೇಕೋ ಬೇಡಿಕೋ ಅಂದ. ಮಣಲೆರ ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿ ಅನ್ನುವ ನಾಯಿ ಕೇಳಿದ. ಆ ನಾಯಿಯನ್ನು ಬೆಳತೂರಿನ ಪಡುವಣ ಮೊರಡಿಯಲ್ಲಿ (ಗುಡ್ಡದಲ್ಲಿ) ದೊಡ್ಡ ಹಂದಿಯ ಮೇಲೆ ಬಿಟ್ಟಾಗ ಎರಡೂ ಒಟ್ಟಿಗೆ ಸತ್ತವು. ಅದಕ್ಕಾಗಿ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟರು; ಆ ಭೂಮಿ ನೋಡಿಕೊಳ್ಳುವ ಗೊರವ (ಶೈವ ಪೂಜಾರಿ) ಕಲ್ಲಿಗೆ ಪೂಜೆ ಮಾಡದೆ ಉಂಡರೆ ನಾಯಿಯ ಪಾಪ ತಟ್ಟಲಿ ಅಂತ ಬರೆಸಿದರು. ನನ್ನ ಮಟ್ಟಿಗೆ ಅದಕ್ಕಿಂತ ಒಳ್ಳೆಯ ಅಭಿನಂದನಾ ಪತ್ರ ಈ ಜಿಲ್ಲೆಯಲ್ಲಿ ಯಾರೂ ಬರೆದಿಲ್ಲ. ಹೆಸರಿದೆ, ಜಾಗವಿದೆ, ನಡೆದದ್ದು ಇದೆ, ಮುಂದೆ ಯಾರು ಏನು ನೋಡಿಕೊಳ್ಳಬೇಕು ಅನ್ನುವುದೂ ಇದೆ. ಏನು ಬೇಕು ಅಂತ ಕೇಳಿದ್ದೂ ಇದೆ, ಅದಕ್ಕೆ ಆಮೇಲೆ ಬರುತ್ತೇನೆ.

ಪರಂಪರೆಯ ಕೆಲಸ ಮಾಡುವ ಬಳಗಗಳನ್ನು ಹೊಗಳುವಾಗ ಹೆಚ್ಚು ಜೋಪಾನ ಬೇಕು. ಉತ್ಸಾಹ ಇರುತ್ತದೆ, ತಿಳಿವಳಿಕೆ ಕೆಲವು ಸಲ ಹಿಂದೆ ಬೀಳುತ್ತದೆ. ಹೊಲದ ಬದುವಿನಲ್ಲಿ ಬಿದ್ದ ವೀರಗಲ್ಲುಗಳನ್ನು ಎತ್ತಿ ನಿಲ್ಲಿಸಿದ ಒಂದು ಹುಡುಗರ ಗುಂಪಿತ್ತು. ನಿಜಕ್ಕೂ ದೊಡ್ಡ ಕೆಲಸ. ಹೋಗಿ ನೋಡಿದರೆ ಒಂದು ಕಲ್ಲಿನ ಬುಡಕ್ಕೆ ಸಿಮೆಂಟು ಮೆತ್ತಿದ್ದರು, ಕೆಳಗಿನ ಎರಡು ಸಾಲು ಅಕ್ಷರ ಅದರಡಿ ಹೋಗಿತ್ತು. ಇನ್ನೊಂದಕ್ಕೆ ಬೆಳ್ಳಿ ಬಣ್ಣ ಬಳಿದಿದ್ದರು. ಸನ್ಮಾನ ಬಿಡಿ ಅಂತ ನಾನು ಹೇಳಲಿಲ್ಲ. ಶಾಸನಗಳನ್ನು ಓದಿ ಅಚ್ಚು ಹಾಕಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ ಮಂಡ್ಯ ಜಿಲ್ಲೆಯ ಸಂಪುಟ ತೆಗೆದುಕೊಂಡು ಹೋಗಿ ಆ ಶಾಸನದ ಪಾಠ ತೋರಿಸಿದೆ. ಮುಚ್ಚಿಹೋದ ಸಾಲುಗಳಲ್ಲೇ ಸತ್ತವನ ಹೆಸರಿತ್ತು. ಹುಡುಗರ ಮುಖ ಸಪ್ಪಗಾಯಿತು. ಸಂಬಂಧಪಟ್ಟ ಇಲಾಖೆಯವರನ್ನು ಕೇಳಿ, ತಿಳಿದವರನ್ನು ಕರೆಸಿ ಸಿಮೆಂಟು ಬಿಡಿಸಿದರು. ಆಮೇಲೆ ಪತ್ರದಲ್ಲಿ ಆ ವೀರನ ಹೆಸರನ್ನೂ ಸೇರಿಸಿ ಬರೆದೆ, ಈ ಹುಡುಗರಿಂದಾಗಿ ಮತ್ತೆ ಓದಲು ಬಂದ ಹೆಸರು ಅಂತ.

ಇನ್ನೊಂದು ಎಚ್ಚರಿಕೆ. ಶ್ರೀರಂಗಪಟ್ಟಣದಂಥ ಊರಿನಲ್ಲಿ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕಗಳು ಹೆಜ್ಜೆಗೊಂದು. ಅವುಗಳ ಸುತ್ತ 100 ಮೀಟರ್ ಕಟ್ಟಡ ನಿಷೇಧಿತ ಪ್ರದೇಶ, ಅದರಾಚೆ 200 ಮೀಟರ್ ಅನುಮತಿ ಪಡೆದೇ ಕಟ್ಟಬೇಕಾದ ನಿಯಂತ್ರಿತ ಪ್ರದೇಶ. ಯಾರೋ ಭಕ್ತಿಯಿಂದ ಅದರೊಳಗೆ ಮಂಟಪ ಕಟ್ಟಿಸಿ "ಜೀರ್ಣೋದ್ಧಾರ" ಅಂತ ಹೆಸರಿಟ್ಟಿರುತ್ತಾರೆ. ಕಾನೂನು ಮಾಡುವ ಶಾಸಕರೇ ಹೋಗಿ ಅದಕ್ಕೆ ಶಾಲು ಹೊದಿಸಿ ಬಂದರೆ ಮಾರನೆಯ ದಿನ ಉತ್ತರ ಕೊಡಬೇಕಾದವನು ಆಪ್ತ ಸಹಾಯಕ. ಅನುಮತಿ ಪತ್ರ ಕಣ್ಣಲ್ಲಿ ನೋಡಿಯೇ ಮುಂದುವರಿಯುವುದು ಕ್ಷೇಮ.

ಬಳಗಕ್ಕೆ ಸನ್ಮಾನ ಅಂದಾಗ ಶಾಲು ಹೋಗುವುದು ಅಧ್ಯಕ್ಷರ ಹೆಗಲಿಗೆ. ಅವರು ಸಾಮಾನ್ಯವಾಗಿ ಹಣ ಕೊಟ್ಟವರು. ಮಂಕರಿ ಹೊತ್ತವರು ವೇದಿಕೆಯ ಪಕ್ಕದ ಶಾಮಿಯಾನದ ಕಂಬಕ್ಕೆ ಒರಗಿ ನಿಂತಿರುತ್ತಾರೆ. ನಾನು ಎಲ್ಲರನ್ನೂ ಮೇಲೆ ಕರೆಸುತ್ತಿದ್ದೆ, ಒಂದೇ ಪತ್ರ, ಹಿಂಬದಿಯಲ್ಲಿ ಎಲ್ಲರ ಹೆಸರು, ಕೆಲಸದ ದಿನಗಳಲ್ಲಿ ಮುದ್ದೆ ಉಪ್ಸಾರು ಮಾಡಿ ಕಳಿಸಿದ ಹೆಣ್ಣುಮಕ್ಕಳದೂ ಸೇರಿ. ಹೆಸರಿನ ಇನಿಷಿಯಲ್, ತಂದೆಯ ಹೆಸರು, ಊರಿನ ಹೆಸರು ಅವರ ಬಾಯಿಂದಲೇ ಕೇಳಿ, ಬರೆದದ್ದನ್ನು ಅವರಿಗೇ ತೋರಿಸಿ ಪ್ರೆಸ್ಸಿಗೆ ಕೊಡಬೇಕು. ಚೌಕಟ್ಟು ಹಾಕಿ ಗೋಡೆಗೆ ತೂಗುಹಾಕುವ ಕಾಗದ ಅದು.

ವೇದಿಕೆಯ ಸಂಗತಿ ಸಣ್ಣದು, ಆದರೆ ಅಲ್ಲೇ ಎಲ್ಲ ಹಾಳಾಗುವುದು. ನಾಡಗೀತೆ, ಸ್ವಾಗತ, ಪ್ರಾಸ್ತಾವಿಕ, ಉದ್ಘಾಟನೆ, ಒಂದು ಡಜನ್ ಭಾಷಣ, ಆಮೇಲೆ ಸನ್ಮಾನ. ಅಷ್ಟು ಹೊತ್ತಿಗೆ ಸಾಹೇಬರಿಗೆ ಇನ್ನೊಂದು ಊರಿನಿಂದ ಫೋನು, ವಯಸ್ಸಾದ ಸನ್ಮಾನಿತರಿಗೆ ಶುಗರ್ ಮಾತ್ರೆಯ ಹೊತ್ತು. ಉದ್ಘಾಟನೆಯ ಬೆನ್ನಿಗೇ ಸನ್ಮಾನ ಇಡಿಸಲು ನಾನು ಎಷ್ಟು ಜಗಳವಾಡಿದ್ದೇನೋ! ಸಾಹೇಬರಿಗೆ ಬರೆದ ಭಾಷಣ ಕೊಡುತ್ತಿರಲಿಲ್ಲ, ಅವರು ಓದುವವರಲ್ಲ. ಆಹ್ವಾನ ಪತ್ರಿಕೆಯ ಹಿಂಬದಿಯಲ್ಲಿ ದಪ್ಪ ಅಕ್ಷರದಲ್ಲಿ ಒಬ್ಬೊಬ್ಬರಿಗೆ ಒಂದೇ ಸಾಲು: ಯಾರು, ಎಲ್ಲಿ, ಏನು. ಮಿಕ್ಕದ್ದು ಕಾರಿನಲ್ಲಿ ಬಾಯಲ್ಲೇ.

ಬೇಡಿಕೋ ಅನ್ನುವ ಮಾತಿಗೆ ಈಗ ಬರುತ್ತೇನೆ. ನಮ್ಮ ಜಿಲ್ಲೆಯಲ್ಲಿ ವಿಶ್ವೇಶ್ವರಯ್ಯ ನಾಲೆ ಅನ್ನವನ್ನೂ ಕೊಟ್ಟಿದೆ, ಹೆಣವನ್ನೂ ಕೊಟ್ಟಿದೆ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸು ನಾಲೆಗೆ ಉರುಳಿ 30 ಮಂದಿ ಹೋದರು. ಇಂಥ ಹೊತ್ತಿನಲ್ಲಿ ಮೊದಲು ನೀರಿಗಿಳಿಯುವವರು ದಡದ ಊರಿನವರೇ. ನಮ್ಮ ಕ್ಷೇತ್ರದಲ್ಲೂ ಒಬ್ಬರಿದ್ದರು, ಕಬ್ಬಿನ ಗದ್ದೆಯ ಕೂಲಿ, ನಾಲೆಗೆ ಬಿದ್ದವರನ್ನು ಎತ್ತುವುದರಲ್ಲಿ ಎತ್ತಿದ ಕೈ. ಸನ್ಮಾನಕ್ಕೆ ಕರೆಯಲು ಹೋದಾಗ ಅವರು, "ಶಾಲು ತಕ್ಕೊಂಡು ಏನ್ ಮಾಡ್ಲಿ ಸಾ? ಆ ತಿರುವಿಗೊಂದು ಗೋಡೆ ಕಟ್ಸಕ್ಕೆ ಹೇಳಿ ನಿಮ್ ಎಮ್ಮೆಲ್ಲೆಗೆ. ನಂಗೂ ವಯಸ್ಸಾಯ್ತು" ಅಂದರು. ಹಾಗೇ ಬಂದು ಸಾಹೇಬರಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಜಾಗ ನೋಡವಾ ನಡಿ" ಅಂದರು. ಅಂದಿನಿಂದ ಸನ್ಮಾನದ ಪ್ರತಿ ಹೆಸರಿನ ಎದುರು ಇನ್ನೊಂದು ಕಾಲಂ ಹಾಕಿದೆ: ಇವರ ಕೆಲಸಕ್ಕೆ ಏನು ಬೇಕು. ಕಲ್ಯಾಣಿಯವರಿಗೆ ಮಳೆನೀರಿನ ಕಾಲುವೆಯ ಒತ್ತುವರಿ ತೆರವಾಗಬೇಕಿತ್ತು, ವೀರಗಲ್ಲಿನವರಿಗೆ ನೆರಳಿನ ಒಂದು ಮಾಡು. ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ, ಅದಕ್ಕೆ ಕಾದು ಕೂತವರು ನೂರು ಮಂದಿ. ಆದರೂ ಹೀಗೆ ಬರೆದಿಟ್ಟದ್ದರಲ್ಲಿ ಕೆಲವಾದರೂ ಆದವು.

ನಾಲೆಯ ಮಾತು ಸದನದವರೆಗೂ ಹೋಯಿತು. ಅಮೆರಿಕದ ಪ್ರತಿನಿಧಿ ಸಭೆಯಲ್ಲಿ ಸದಸ್ಯರು ಒಂದು ನಿಮಿಷದ ಭಾಷಣದಲ್ಲಿ ತಮ್ಮೂರಿನ ಶಿಕ್ಷಕಿಯನ್ನೋ ಸ್ವಯಂಸೇವಕರನ್ನೋ ಹೆಸರಿಸಿ ಕೊಂಡಾಡುತ್ತಾರೆ, ಅದು ಅವರ ನಡಾವಳಿಯಲ್ಲಿ ಅಚ್ಚಾಗುತ್ತದೆ. ನಮ್ಮಲ್ಲಿ ಅಧಿವೇಶನ ಶುರುವಾದಾಗ ಸಂತಾಪ ಸೂಚನೆಯಿದೆ, ಎಲ್ಲರೂ ಎದ್ದು ನಿಲ್ಲುತ್ತಾರೆ. ಹೊಗಳಿಸಿಕೊಳ್ಳಲು ಸಾಯಬೇಕು ಅನ್ನುವ ಹಾಗಿದೆ ಲೆಕ್ಕ. ಬದುಕಿರುವವರ ಹೆಸರು ಹೇಳಬೇಕಾದರೆ ಬೇರೆ ವಿಷಯದೊಳಗೆ ಸೇರಿಸಬೇಕು. ತಡೆಗೋಡೆಯ ಬಗ್ಗೆ ಗಮನ ಸೆಳೆಯುವ ಸೂಚನೆ ಬರೆದಾಗ ನಾನು ಅದೇ ಮಾಡಿದೆ. ಸಾಹೇಬರು ಸದನದಲ್ಲಿ ಆ ಕೂಲಿಯವರ ಹೆಸರು, ಊರು ಹೇಳಿ, ಅವರು ಕೇಳಿದ್ದು ಇದೊಂದೇ ಅಂದರು.

ತಡವಾಗಿಯಾದರೂ ಆ ತಿರುವಿಗೆ ಗೋಡೆ ಬಂತು. ನಡಾವಳಿಯ ಆ ಪುಟದ ಪ್ರತಿ ತೆಗೆಸಿ ಅವರ ಮನೆಗೇ ಒಯ್ದು ಕೊಟ್ಟೆ. ಮಗಳ ಕೈಲಿ ಪೂರ್ತಿ ಓದಿಸಿ ಕೇಳಿಸಿಕೊಂಡು, "ಚೆಂದಾಗೈತೆ ಸಾ. ಕೆಳಗಡೆ ಇನ್ನೆರಡು ತಿರುವು ಅವೆ, ಅವ್ನೂ ಬರ್ಕೊಳಿ" ಅಂದರು. ಬರೆದುಕೊಂಡೆ.