ನಿಲ್ಲಿಸಿದ ಕಾರನ್ನು ಟೋ ಮಾಡುವಾಗ: ಕೇಳಬೇಕಾದದ್ದು, ಕೊಡಬೇಕಾದದ್ದು

ನಿಲ್ಲಿಸಿ ಹೋದ ಕಾರಿನ ಬಳಿಗೆ ಮರಳಿ ಬಂದಾಗ ಅದರ ಮುಂದಿನ ಚಕ್ರಗಳು ಟೋಯಿಂಗ್ ವಾಹನದ ಹಿಡಿತಕ್ಕೆ ಸಿಕ್ಕಿ ನೆಲ ಬಿಟ್ಟು ಎದ್ದಿರುವುದನ್ನು ಕಂಡವರು ಸಾಮಾನ್ಯವಾಗಿ ಕೂಗಾಡುತ್ತಾರೆ, ಇಲ್ಲವೇ ಕೇಳಿದಷ್ಟು ಹಣ ಕೊಟ್ಟು ರಸೀದಿಯನ್ನೂ ಪಡೆಯದೆ ಹೊರಟುಬಿಡುತ್ತಾರೆ. ಆ ಹೊತ್ತಿನಲ್ಲಿ ಮೊದಲು ಗಮನಿಸಬೇಕಾದದ್ದು ಕಾರು ಯಾವ ಹಂತದಲ್ಲಿದೆ ಎಂಬುದನ್ನು. ಇನ್ನೂ ಕೊಂಡಿ ಹಾಕಿಲ್ಲವೇ, ಕೊಂಡಿ ಹಾಕಿದ್ದರೂ ನಿಂತ ಜಾಗದಿಂದ ಕದಲಿಲ್ಲವೇ, ಅಥವಾ ರಸ್ತೆಗಿಳಿದು ಹೊರಟೇಬಿಟ್ಟಿದೆಯೇ ಎಂಬುದರ ಮೇಲೆ ನಿಮ್ಮ ಹಕ್ಕೂ ನೀವು ತೆರಬೇಕಾದ ಮೊತ್ತವೂ ಬಹುಮಟ್ಟಿಗೆ ನಿಂತಿರುತ್ತವೆ.

ಕೊಂಡಿ ಹಾಕುವ ಮೊದಲೇ ನೀವು ತಲುಪಿದ್ದರೆ, ಮಾಲೀಕರು ನೀವೇ ಎಂದು ತಿಳಿಸಿ, ಕೂಡಲೇ ಕಾರನ್ನು ತೆಗೆಯುವುದಾಗಿ ಹೇಳಿರಿ. ಟೋಯಿಂಗ್‌ನ ಉದ್ದೇಶ ಜಾಗವನ್ನು ತೆರವುಗೊಳಿಸುವುದಾದ್ದರಿಂದ, ಮಾಲೀಕರೇ ತೆರವುಗೊಳಿಸಲು ಸಿದ್ಧರಿರುವಾಗ ಎಳೆದೊಯ್ಯುವ ಶುಲ್ಕ ಕೇಳುವುದಕ್ಕೆ ನ್ಯಾಯವಾದ ಆಧಾರವಿರುವುದಿಲ್ಲ. ಆದರೆ ತಪ್ಪಾಗಿ ನಿಲ್ಲಿಸಿದ್ದಕ್ಕಾಗಿ ದಂಡ ವಿಧಿಸಿದರೆ ಅದು ಬೇರೆಯೇ ವಿಷಯ. ಕಾರನ್ನು ಬಿಟ್ಟುಕೊಟ್ಟ ಮಾತ್ರಕ್ಕೆ ದಂಡ ತಪ್ಪುವುದಿಲ್ಲ.

ಕೊಂಡಿ ಹಾಕಿಯಾಗಿದ್ದು ಕಾರು ಇನ್ನೂ ಹೊರಟಿಲ್ಲವೆಂಬ ನಡುವಿನ ಹಂತದಲ್ಲಿಯೇ ಹೆಚ್ಚಿನ ಜಗಳಗಳು ಹುಟ್ಟುತ್ತವೆ. ಕೆಲವು ಕಡೆಗಳಲ್ಲಿ ಕಾನೂನು ಇದಕ್ಕೆ ಖಚಿತವಾದ ಉತ್ತರ ಕೊಟ್ಟಿದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಖಾಸಗಿ ಜಾಗದಿಂದ ಕಾರನ್ನು ಒಯ್ಯುವಾಗ, ಅದು ಆ ಜಾಗವನ್ನು ದಾಟುವ ಮೊದಲೇ ಮಾಲೀಕರು ಬಂದು ಕೇಳಿದರೆ ಅಲ್ಲಿಯೇ ಬಿಟ್ಟುಕೊಡಬೇಕು, ಮತ್ತು ಕೊಂಡಿ ಹಾಕಿಯಾಗಿದ್ದರೂ ಸಾಮಾನ್ಯ ಶುಲ್ಕದ ಅರ್ಧಕ್ಕಿಂತ ಹೆಚ್ಚು ಕೇಳುವಂತಿಲ್ಲ. ಫ್ಲಾರಿಡಾದ ಕಾನೂನಿನಲ್ಲಿಯೂ ಖಾಸಗಿ ಜಾಗದ ಮಟ್ಟಿಗೆ ಇದೇ ಅರ್ಧದ ಮಿತಿಯಿದೆ. ಇಂಥ ಮೊತ್ತವನ್ನು ಅಲ್ಲಿ ಡ್ರಾಪ್ ಫೀ ಎನ್ನುತ್ತಾರೆ. ನೀವಿರುವ ಕಡೆ ಇಂಥ ಮಿತಿ ಇದೆಯೋ ಇಲ್ಲವೋ, ನೀವು ಸ್ಥಳಕ್ಕೆ ಬಂದ ಸಮಯವನ್ನೂ ಕಾರು ಆಗ ಇದ್ದ ಸ್ಥಿತಿಯನ್ನೂ ಮೊಬೈಲಿನಲ್ಲಿ ಚಿತ್ರೀಕರಿಸಿಕೊಳ್ಳುವುದು ಅಗತ್ಯ, ಏಕೆಂದರೆ ಮುಂದೆ ವಾದ ನಡೆಯುವುದು ಆ ಐದು ನಿಮಿಷಗಳ ಬಗ್ಗೆಯೇ. ಎಳೆಯುವುದನ್ನು ತಡೆಯಲೆಂದು ಎತ್ತಿದ ಕಾರಿನೊಳಗೆ ಹೋಗಿ ಕೂರುವ ಹಟವನ್ನು ಮಾತ್ರ ಮಾಡಬೇಡಿ. ಅದು ಅಪಾಯಕಾರಿ, ಜೊತೆಗೆ ಕರ್ತವ್ಯಕ್ಕೆ ಅಡ್ಡಿಪಡಿಸಿದ ಆರೋಪವೂ ಮೇಲೆ ಬರಬಹುದು.

ಎರಡನೆಯ ಪ್ರಶ್ನೆ, ಒಯ್ಯಲು ಹೇಳಿದವರು ಯಾರು ಎಂಬುದು. ಭಾರತದ 1988ರ ಮೋಟಾರು ವಾಹನಗಳ ಕಾಯ್ದೆಯ 127ನೇ ಕಲಮಿನಂತೆ, ಸಾರ್ವಜನಿಕ ಸ್ಥಳದಲ್ಲಿ 10 ಗಂಟೆ ಅಥವಾ ಅದಕ್ಕಿಂತ ಹೆಚ್ಚು ಕಾಲ ಯಾರೂ ನೋಡಿಕೊಳ್ಳದೆ ಬಿಟ್ಟ ವಾಹನವನ್ನು, ಇಲ್ಲವೇ ನಿಲುಗಡೆ ನಿಷೇಧವಿರುವಲ್ಲಿ ನಿಲ್ಲಿಸಿದ ವಾಹನವನ್ನು ಎಳೆದೊಯ್ಯಲು ಅಥವಾ ಅದರ ಚಕ್ರಕ್ಕೆ ಕ್ಲ್ಯಾಂಪ್ (ಚಕ್ರ ಉರುಳದಂತೆ ತಡೆಯುವ ಬೀಗ) ಹಾಕಲು ಅನುಮತಿ ಕೊಡಬೇಕಾದವರು ಆ ವ್ಯಾಪ್ತಿಯ, ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ. ಹತ್ತು ಗಂಟೆಯ ಈ ಮಾತನ್ನು ಅರೆಬರೆ ಕೇಳಿಸಿಕೊಂಡು ‘ಹತ್ತು ಗಂಟೆ ಆಗಿಲ್ಲವಲ್ಲ’ ಎಂದು ವಾದಿಸುವವರಿದ್ದಾರೆ. ನಿಷೇಧಿತ ಜಾಗಕ್ಕೆ ಆ ಅವಧಿ ಅನ್ವಯಿಸುವುದಿಲ್ಲ. ಅದೇ ಕಲಮು, ಹೀಗೆ ಒಯ್ದ ವಾಹನದ ಎಲ್ಲ ಟೋಯಿಂಗ್ ವೆಚ್ಚವೂ ಇತರ ದಂಡದ ಜೊತೆಗೆ ಮಾಲೀಕರ ಹೊಣೆ ಎಂದು ಹೇಳುತ್ತದೆ. ಆದ್ದರಿಂದ ಅಧಿಕಾರಿಯ ಹೆಸರು, ಠಾಣೆ ಮತ್ತು ಅನುಮತಿಯ ಆಧಾರವನ್ನು ವಿನಯದಿಂದ ಕೇಳಿ ಬರೆದುಕೊಳ್ಳುವುದು ನಿಮ್ಮ ಮೊದಲ ಕೆಲಸ. ಖಾಸಗಿ ಜಾಗದ ಸಂಗತಿ ದೇಶದಿಂದ ದೇಶಕ್ಕೆ ತೀರ ಬೇರೆಯಾಗುತ್ತದೆ: ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2012ರ ಅಕ್ಟೋಬರ್ 1ರಿಂದ, ಕಾನೂನು ಕೊಟ್ಟ ಅಧಿಕಾರವಿಲ್ಲದೆ ಖಾಸಗಿ ಜಾಗದಲ್ಲಿ ಕಾರಿಗೆ ಕ್ಲ್ಯಾಂಪ್ ಹಾಕುವುದೂ ಅದನ್ನು ಎಳೆದೊಯ್ಯುವುದೂ ಅಪರಾಧ.

ಇನ್ನು ಹಣದ ಲೆಕ್ಕ. ಒಟ್ಟು ಮೊತ್ತವೊಂದನ್ನೇ ಹೇಳಿದರೆ ಒಪ್ಪಬೇಡಿ, ಬಿಡಿಸಿ ಹೇಳುವಂತೆ ಕೇಳಿರಿ. ನಿಯಮ ಮುರಿದದ್ದಕ್ಕೆ ದಂಡ, ಎಳೆದೊಯ್ದದ್ದಕ್ಕೆ ಶುಲ್ಕ, ಯಾರ್ಡಿನಲ್ಲಿ ಇರಿಸಿಕೊಂಡದ್ದಕ್ಕೆ ಬಾಡಿಗೆ ಎಂದು ಅದು ಮೂರಾಗಿರುತ್ತದೆ. ದಂಡ ಸರ್ಕಾರದ ಬೊಕ್ಕಸಕ್ಕೆ ಹೋದರೆ, ಉಳಿದೆರಡು ಅನೇಕ ಕಡೆ ಗುತ್ತಿಗೆದಾರರಿಗೆ ಸಲ್ಲುತ್ತವೆ. ಮೂರರಲ್ಲಿ ಬೆಳೆಯುವುದು ಸಾಮಾನ್ಯವಾಗಿ ದಿನದ ಲೆಕ್ಕದಲ್ಲಿ ಏರುವ ಬಾಡಿಗೆ. ಹಾಗಾಗಿ ಅನ್ಯಾಯವಾಯಿತೆಂಬ ಸಿಟ್ಟಿನಲ್ಲಿ ಕಾರನ್ನು ವಾರಗಟ್ಟಲೆ ಅಲ್ಲಿಯೇ ಬಿಡುವುದು ನಿಮ್ಮನ್ನೇ ಸುಡುತ್ತದೆ. ಮೊದಲು ಹಣ ಕಟ್ಟಿ ಬಿಡಿಸಿಕೊಂಡು, ರಸೀದಿಯ ಮೇಲೆ ‘ಆಕ್ಷೇಪಣೆಗೆ ಒಳಪಟ್ಟು ಪಾವತಿಸಲಾಗಿದೆ’ ಎಂದು ಬರೆದು ಸಹಿ ಹಾಕಿ, ಆಮೇಲೆ ಹೋರಾಡುವುದೇ ಜಾಣತನ. ರಸೀದಿಯಲ್ಲಿ ವಾಹನದ ಸಂಖ್ಯೆ, ಸ್ಥಳ, ಸಮಯ, ಮೂರೂ ಮೊತ್ತಗಳು ಇರಲಿ. ರಸೀದಿ ಕೊಡದೆ ‘ಕಡಿಮೆಯಲ್ಲಿ ಮುಗಿಸೋಣ’ ಎಂದರೆ ಒಪ್ಪಿಕೊಳ್ಳಬೇಡಿ. ಅಂಥ ಹಣ ಎಲ್ಲಿಯೂ ದಾಖಲಾಗುವುದಿಲ್ಲವಾದ್ದರಿಂದ ಮತ್ತೊಮ್ಮೆ ಕಟ್ಟಬೇಕಾಗಿ ಬರಬಹುದು.

ಎತ್ತುವಾಗ ನೀವು ಅಲ್ಲಿದ್ದರೆ ಕಾರಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಮುಂದಿನ ಚಕ್ರಗಳಿಂದ ಓಡುವ ಕಾರನ್ನು ಹಿಂದಿನಿಂದ ಎತ್ತಿ ಎಳೆದರೆ, ಗೇರ್ ಅಥವಾ ‘ಪಾರ್ಕ್’ ಸ್ಥಿತಿಯಲ್ಲಿರುವ ಮುಂಚಕ್ರಗಳು ನೆಲಕ್ಕೆ ಉಜ್ಜಿ ಟೈರೂ ಗೇರ್‌ಬಾಕ್ಸೂ ಕೆಡಬಹುದು. ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ಹೋಗುವ ಕಾರುಗಳನ್ನೂ ವಿದ್ಯುತ್ ಕಾರುಗಳನ್ನೂ ಸಮತಟ್ಟಾದ ವೇದಿಕೆಯ ಲಾರಿಯ ಮೇಲೆ ಪೂರ್ತಿ ಏರಿಸಿ ಒಯ್ಯುವುದೇ ಕ್ಷೇಮ, ಏಕೆಂದರೆ ಚಾಲಕ ಚಕ್ರಗಳು ನೆಲದ ಮೇಲೆ ಉರುಳಿದರೆ ಒಳಗಿನ ಯಂತ್ರಭಾಗಗಳಿಗೆ ಪೆಟ್ಟು ಬೀಳಬಹುದು. ಇದನ್ನು ಚಾಲಕರಿಗೆ ಸ್ಪಷ್ಟವಾಗಿ ತಿಳಿಸಿ, ತಿಳಿಸಿದ್ದನ್ನು ಚಿತ್ರೀಕರಿಸಿಕೊಂಡಿದ್ದರೆ ಹಾನಿಯ ಪರಿಹಾರ ಕೇಳುವಾಗ ನಿಮ್ಮ ಮಾತಿಗೆ ತೂಕ ಬರುತ್ತದೆ.

ಕಾರು ಕಣ್ಣಿಗೇ ಕಾಣದಿದ್ದರೆ, ಕಳ್ಳತನವೆಂದು ಗಾಬರಿಯಾಗುವ ಮೊದಲು ಹತ್ತಿರದ ಸಂಚಾರ ಪೊಲೀಸ್ ಠಾಣೆಯಲ್ಲಿ ವಿಚಾರಿಸಿರಿ. ಕಾರು ಟೋ ಆಗಿರಬಹುದು. ನೋಂದಣಿ ಪತ್ರ, ಚಾಲನಾ ಪರವಾನಗಿ, ವಿಮೆಯ ದಾಖಲೆ ಜೊತೆಗಿರಲಿ, ಕಾರು ಬೇರೆಯವರ ಹೆಸರಿನಲ್ಲಿದ್ದರೆ ಅವರ ಒಪ್ಪಿಗೆ ಪತ್ರವೂ ಬೇಕಾಗಬಹುದು. ಯಾರ್ಡಿನಿಂದ ಹೊರಡುವ ಮೊದಲು, ಬೆಳಕಿರುವಲ್ಲಿ ಕಾರನ್ನು ನಿಲ್ಲಿಸಿ ಬಂಪರು, ಚಕ್ರದ ರಿಮ್ಮು, ಕೆಳಭಾಗ ಮತ್ತು ಒಳಗಿಟ್ಟ ವಸ್ತುಗಳನ್ನು ಪರೀಕ್ಷಿಸಿರಿ. ಗೀರು ಅಥವಾ ಕೊರತೆ ಕಂಡರೆ ಅಲ್ಲಿಯ ಸಿಬ್ಬಂದಿಯಿಂದಲೇ ಬರೆಸಿಕೊಳ್ಳಿ, ಏಕೆಂದರೆ ಒಮ್ಮೆ ಗೇಟು ದಾಟಿದ ಮೇಲೆ ಆ ಗೀರು ಅಲ್ಲಿಯೇ ಆದದ್ದು ಎಂದು ಸಾಬೀತುಪಡಿಸುವುದು ಬಲು ಕಷ್ಟ.

ಆಕ್ಷೇಪಣೆಗೆ ಕಾಲಮಿತಿ ಇರುವುದು ಸಾಮಾನ್ಯ. ಇಂಗ್ಲೆಂಡಿನಲ್ಲಿ ಸ್ಥಳೀಯ ಆಡಳಿತ ಒಯ್ದ ಕಾರಿನ ವಿಷಯದಲ್ಲಿ ಅದು 28 ದಿನ. ರಸೀದಿಯ ಹಿಂಬದಿಯಲ್ಲಿ ಮಿತಿ ಅಚ್ಚಾಗಿದೆಯೇ ನೋಡಿ, ಇಲ್ಲವಾದರೆ ಅಲ್ಲಿಯೇ ಕೇಳಿ ಬರೆದುಕೊಳ್ಳಿ. ಕಾರು ನಿಂತಿದ್ದ ಜಾಗಕ್ಕೆ ಅಂದೇ ಮರಳಿ ಹೋಗಿ, ನಿಷೇಧದ ಫಲಕ ಎಷ್ಟು ದೂರದಲ್ಲಿದೆ, ಕೊಂಬೆಗಳ ಹಿಂದೆ ಮರೆಯಾಗಿದೆಯೇ, ರಸ್ತೆಯ ಅಂಚಿನ ಗೆರೆ ಅಳಿಸಿಹೋಗಿದೆಯೇ ಎಂಬುದರ ಚಿತ್ರಗಳನ್ನು ತೆಗೆದುಕೊಳ್ಳಿ. ಮರುವಾರ ಹೋಗುವಷ್ಟರಲ್ಲಿ ಕೊಂಬೆ ಕಡಿದು, ಗೆರೆಗೆ ಹೊಸ ಬಣ್ಣ ಬಳಿದಿರಬಹುದು.