ಬೆಂಗಳೂರಿನ ಅಂಚಿನಲ್ಲಿ ಕಡಿಮೆ ಬಾಡಿಗೆಯ ಮನೆ ಹುಡುಕುವುದು ಹೇಗೆ

ಬಾಡಿಗೆ ಕಡಿಮೆ ಅಂತ ಸುಮ್ನೆ ಊರಾಚೆ ಹೋದರೆ ಉಳಿದ ದುಡ್ಡೆಲ್ಲ ಓಡಾಟಕ್ಕೇ ಹೋಗುತ್ತದೆ. ಮೊದಲು ಮೆಟ್ರೋ ಎಲ್ಲಿ ಮುಗಿಯುತ್ತದೆ ನೋಡಿ. ನೇರಳೆ ಮಾರ್ಗಕ್ಕೆ ಪಶ್ಚಿಮದಲ್ಲಿ ಚಲ್ಲಘಟ್ಟ, ಹಸಿರಿಗೆ ಉತ್ತರದಲ್ಲಿ ಮಾದಾವರ, ಹಳದಿಗೆ ಬೊಮ್ಮಸಂದ್ರ. ಸ್ಟೇಷನ್ ಪಕ್ಕದಲ್ಲೇ ಬೇಡ, ಅಲ್ಲಿ ಬಾಡಿಗೆ ಜಾಸ್ತಿ. ಇನ್ನೂ ಸ್ವಲ್ಪ ಆಚೆ, ಕುಂಬಳಗೋಡು, ಮಾಕಳಿ, ಚಂದಾಪುರದ ಕಡೆ ಹುಡುಕಿ. ಕೆಲಸಕ್ಕೆ ಹೋಗುವವರು ಹೆಂಗಸರಾದರೆ ಮೆಟ್ರೋಗಿಂತ ಬಿಎಂಟಿಸಿ ರೂಟ್ ನೋಡುವುದೇ ಜಾಣತನ, ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸಿಗೆ ಟಿಕೆಟ್ ದುಡ್ಡಿಲ್ಲ.

ಸಣ್ಣ ಮನೆಗಳು ಆ್ಯಪ್‌ಗಳಲ್ಲಿ ಸಿಗುವುದು ಕಡಿಮೆ. ಭಾನುವಾರ ಬೆಳಿಗ್ಗೆ ಬೀದಿ ಸುತ್ತಿ, ಗೇಟಿನ ಮೇಲೆ ಟು ಲೆಟ್ ಬೋರ್ಡ್ ನೋಡಿ, ಹಾಲಿನ ಬೂತ್, ದಿನಸಿ ಅಂಗಡಿ, ಇಸ್ತ್ರಿಯವರ ಹತ್ತಿರ ವಿಚಾರಿಸಿ. ಬ್ರೋಕರ್ ಹಿಡಿದರೆ ಸಾಮಾನ್ಯವಾಗಿ ಒಂದು ತಿಂಗಳ ಬಾಡಿಗೆ ಅವರಿಗೆ.

ಮನೆ ಇಷ್ಟವಾದ ತಕ್ಷಣ ಒಳಗಿನ ಬಣ್ಣ ನೋಡಬೇಡಿ, ಕರೆಂಟ್ ಮೀಟರ್ ನೋಡಿ. ಬೆಸ್ಕಾಂ ಮೀಟರ್ ನಿಮ್ಮ ಮನೆಗೇ ಬೇರೆ ಇದ್ದರೆ, ಬಾಡಿಗೆದಾರರಾದರೂ ಸರ್ಕಾರದ ಉಚಿತ ಕರೆಂಟ್ ಯೋಜನೆ ಗೃಹಜ್ಯೋತಿಗೆ ಅರ್ಜಿ ಹಾಕಬಹುದು. ಆರ್‌ಆರ್ ನಂಬರ್ (ಕರೆಂಟ್ ಬಿಲ್ಲಿನಲ್ಲಿರುವ ಸಂಪರ್ಕದ ನಂಬರ್), ಆಧಾರ್, ಬಾಡಿಗೆ ಕರಾರು ಬೇಕು. ಹಿಂದಿನ ಬಾಡಿಗೆದಾರರ ಆಧಾರ್ ಆ ನಂಬರಿಗೆ ಅಂಟಿಕೊಂಡಿದ್ದರೆ ಮೊದಲು ಅದನ್ನು ಬಿಡಿಸಬೇಕು, ಇದನ್ನು ಮಾಲೀಕರಿಗೆ ಅಡ್ವಾನ್ಸ್ ಕೊಡುವ ಮುಂಚೆಯೇ ಹೇಳಿ. ನಾಲ್ಕು ಮನೆಗೆ ಒಂದೇ ಮೀಟರ್ ಇಟ್ಟು, ಸಬ್ ಮೀಟರ್ ಲೆಕ್ಕದಲ್ಲಿ ಮಾಲೀಕರೇ ದುಡ್ಡು ವಸೂಲಿ ಮಾಡುವ ವಠಾರಗಳಲ್ಲಿ ಈ ಅನುಕೂಲ ನಿಮ್ಮ ಕೈಗೆ ಬರುವುದು ಕಷ್ಟ. ಐನೂರು ರೂಪಾಯಿ ಬಾಡಿಗೆ ಜಾಸ್ತಿಯಾದರೂ ಬೇರೆ ಮೀಟರಿನ ಮನೆಯೇ ಎಷ್ಟೋ ಸಲ ಅಗ್ಗ ಬೀಳುತ್ತದೆ, ಅಲ್ವಾ?

ನೀರಿನದ್ದೂ ಹಾಗೇ. ಕಾವೇರಿಯೋ, ಬೋರೋ, ಟ್ಯಾಂಕರೋ? ಮಾಲೀಕರ ಮಾತು ಕೇಳಿಕೊಂಡು, ಆಮೇಲೆ ಪಕ್ಕದ ಮನೆಯವರನ್ನು ಏಪ್ರಿಲ್‌ನಲ್ಲಿ ಹೇಗಿತ್ತು ಅಂತ ಕೇಳಿ. ಟ್ಯಾಂಕರ್ ಬಿಲ್ ಯಾರು ಕಟ್ಟಬೇಕು ಅನ್ನುವುದು ಕರಾರಿನಲ್ಲೇ ಇರಲಿ.

ಹತ್ತು ತಿಂಗಳ ಅಡ್ವಾನ್ಸ್ ಇಲ್ಲಿನ ಹಳೇ ರೂಢಿ, ಕಾನೂನೇನಲ್ಲ. ಚೌಕಾಸಿ ಮಾಡಿ. ದುಡ್ಡು ಕೈಯಲ್ಲಿ ಕೊಡಬೇಡಿ, ಖಾತೆಗೆ ಹಾಕಿ. ಬಿಡುವಾಗ ಪೇಂಟಿಂಗ್ ಹೆಸರಿನಲ್ಲಿ ಎಷ್ಟು ಹಿಡಿಯುತ್ತಾರೆ ಅನ್ನುವುದನ್ನೂ ಬರೆಸಿಕೊಳ್ಳಿ.

ಭೋಗ್ಯಕ್ಕೆ, ಅಂದರೆ ಲೀಸ್‌ಗೆ, ಹೋಗುವವರು ತಿಂಗಳ ಬಾಡಿಗೆ ಇಲ್ಲ ಅಂತ ಖುಷಿಪಟ್ಟು ಸಾಲ ಮಾಡಿ ಲಕ್ಷಗಟ್ಟಲೆ ಕೊಡುತ್ತಾರೆ. ಕೊಡುವ ಮುಂಚೆ ಆ ಆಸ್ತಿಯ ಇಸಿ, ಅಂದರೆ ಅದರ ಮೇಲೆ ಸಾಲ, ಅಡಮಾನ ಇದೆಯಾ ಅಂತ ತೋರಿಸುವ ಋಣಭಾರ ಪತ್ರ, ತೆಗೆಸಿ ನೋಡಿ, ಬ್ಯಾಂಕಿಗೆ ಅಡ ಇಟ್ಟ ಮನೆಯಾದರೆ ಮಾಲೀಕರು ಎಷ್ಟೇ ಒಳ್ಳೆಯವರಾದರೂ ಬೇಡ.