ಬ್ಯಾಕ್ಟೀರಿಯಾದ ಸಕ್ಕರೆ ಕಿಣ್ವ ಔಷಧಕ್ಕೆ ಗುರಿಯಾಗಬಲ್ಲುದೇ ಎಂದು ಪರೀಕ್ಷಿಸುವ ಬಗೆ

ಹೊಸ ಪ್ರತಿಜೀವಕಕ್ಕೆ ಗುರಿ ಹುಡುಕುವವರು ಮೊದಲು ಕೇಳುವುದು, ಆ ಕಿಣ್ವ ಮನುಷ್ಯನಲ್ಲಿ ಇಲ್ಲವಷ್ಟೇ ಎಂದು. ಇದಕ್ಕೆ ಉತ್ತರ ಜೀನೋಮ್ ದತ್ತಾಂಶದಲ್ಲಿ ಬೇಗನೆ ಸಿಗುತ್ತದೆ. ಕಿಣ್ವವನ್ನು ತಡೆದಾಗ ಬ್ಯಾಕ್ಟೀರಿಯಾ ಆ ಕಿಣ್ವ ತಯಾರಿಸುವ ವಸ್ತುವಿನ ಕೊರತೆಯಿಂದ ಸಾಯುತ್ತದೆಯೋ ಒಳಗೆ ತುಂಬಿಕೊಳ್ಳುವ ವಿಷದಿಂದಲೋ ಎಂಬುದನ್ನು ತಿಳಿಯುವುದೇ ಕಷ್ಟದ ಕೆಲಸ.

ಕ್ಷಯರೋಗಾಣುವಿನ ಜಿಎಲ್‌ಜಿಇ ಕಿಣ್ವವನ್ನು ಮಾದರಿಯಾಗಿ ತೆಗೆದುಕೊಳ್ಳಿ. ಈ ರೋಗಾಣು ತಾನೇ ತಯಾರಿಸಿಕೊಂಡ ಟ್ರೆಹಲೋಸ್ ಸಕ್ಕರೆಯನ್ನು ಟ್ರೆಎಸ್ ಕಿಣ್ವದ ನೆರವಿನಿಂದ ಮಾಲ್ಟೋಸ್ ಆಗಿ, ಪೆಪ್2 ಕಿಣ್ವದ ನೆರವಿನಿಂದ ಮಾಲ್ಟೋಸ್-1-ಫಾಸ್ಫೇಟ್ ಆಗಿ ಮಾರ್ಪಡಿಸುತ್ತದೆ. ಅದರಲ್ಲಿನ ಮಾಲ್ಟೋಸನ್ನು ಜಿಎಲ್‌ಜಿಇ ಗ್ಲೂಕನ್ (ಗ್ಲೂಕೋಸ್ ಘಟಕಗಳ ಉದ್ದ) ಸರಪಳಿಗೆ ಪೋಣಿಸುತ್ತದೆ. ಜಿಎಲ್‌ಜಿಇ ಕೆಲಸ ನಿಂತರೆ ಮಾಲ್ಟೋಸ್-1-ಫಾಸ್ಫೇಟ್ ಕೋಶದೊಳಗೆ ತುಂಬಿಕೊಂಡು ರೋಗಾಣು ತನ್ನದೇ ವಿಷದಿಂದ ಬೇಗನೆ ಸಾಯುತ್ತದೆ ಎಂಬುದನ್ನು 2010ರಲ್ಲಿ ಪ್ರಕಟವಾದ ಅಧ್ಯಯನವೊಂದು ಇಲಿಗಳಲ್ಲಿಯೂ ತೋರಿಸಿತು.

ಇಂಥ ಗುರಿಯನ್ನು ಪರೀಕ್ಷಿಸುವಾಗ ಮೊದಲು ಕಿಣ್ವದ ವಂಶವಾಹಿಯನ್ನು ಬೇಕೆಂದಾಗ ನಿಲ್ಲಿಸಬಹುದಾದ ತಳಿಯನ್ನು ರೂಪಿಸಿಕೊಳ್ಳಿ (ಜೀವಂತ ಕ್ಷಯರೋಗಾಣುವಿನ ಕೆಲಸ ಬಿಎಸ್‌ಎಲ್-3 ಎಂಬ ಉನ್ನತ ಜೈವಿಕ ಸುರಕ್ಷತೆಯ ಪ್ರಯೋಗಾಲಯದಲ್ಲಿ ಮಾತ್ರ). ಅನಂತರ ಹಿಂದಿನ ಹಂತದ ಟ್ರೆಎಸ್ ವಂಶವಾಹಿಯನ್ನೂ ತೆಗೆದು ನೋಡಿ. ಆಗ ರೋಗಾಣು ಬದುಕಿಕೊಂಡರೆ ಸಾವಿಗೆ ಕಾರಣ ವಿಷವೇ ಎಂದು ಖಚಿತವಾಗುತ್ತದೆ. ಆದರೆ ಸಂತೋಷಪಡಲು ಆತುರ ಬೇಡ, ಏಕೆಂದರೆ ಔಷಧದಿಂದ ತಪ್ಪಿಸಿಕೊಳ್ಳಲು ರೋಗಾಣು ಹಿಡಿಯಬಹುದಾದ ದಾರಿಯೂ ಟ್ರೆಎಸ್ ಕಳೆದುಕೊಳ್ಳುವುದೇ. ಟ್ರೆಎಸ್ ಕಳೆದುಕೊಂಡ ರೋಗಾಣುವಿಗೆ ಆರ್‌ವಿ3032 ಎಂಬ ಇನ್ನೊಂದು ಕಿಣ್ವ ಅನಿವಾರ್ಯವಾಗುವುದರಿಂದ, ಜಿಎಲ್‌ಜಿಇ ಮತ್ತು ಆರ್‌ವಿ3032 ಎರಡನ್ನೂ ಜೊತೆಯಾಗಿ ತಡೆಯುವ ಯೋಚನೆ ನನಗೆ ಹೆಚ್ಚು ಭರವಸೆಯದಾಗಿ ಕಾಣುತ್ತದೆ.

ಬಹಳ ಮಂದಿ ಎಡವುವುದು ರೋಗಾಣುವನ್ನು ಬೆಳೆಸುವ ಪೋಷಕ ಮಾಧ್ಯಮದ ಆಯ್ಕೆಯಲ್ಲಿ. ಅದೇ 2010ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನದ ಸಂಯುಕ್ತಗಳು ಗ್ಲಿಸರಾಲ್ ಬೆರೆಸಿದ ಮಾಧ್ಯಮದಲ್ಲಿ ಕ್ಷಯರೋಗಾಣುವನ್ನು ಚೆನ್ನಾಗಿ ತಡೆದರೂ ಇಲಿಗಳಲ್ಲಿ ನಿಷ್ಫಲವಾದವು. ಅಲ್ಲಿಯೂ ಗ್ಲಿಸರಾಲ್ ಫಾಸ್ಫೇಟ್ ಶೇಖರಗೊಂಡು ವಿಷವಾಗುತ್ತಿತ್ತು, ಆದರೆ ದೇಹದೊಳಗೆ ರೋಗಾಣು ಮುಖ್ಯವಾಗಿ ಕೊಬ್ಬಿನಾಮ್ಲ ಮತ್ತು ಕೊಲೆಸ್ಟರಾಲ್‌ಗಳನ್ನು ಅವಲಂಬಿಸುತ್ತದೆ. ಟ್ರೆಹಲೋಸನ್ನಾದರೋ ಅದು ಎಲ್ಲಿದ್ದರೂ ತಾನೇ ತಯಾರಿಸಿಕೊಳ್ಳುತ್ತದೆ. ಆದ್ದರಿಂದ ಗ್ಲಿಸರಾಲ್ ಇಲ್ಲದ, ಕೊಬ್ಬಿನಾಮ್ಲವುಳ್ಳ ಮಾಧ್ಯಮದಲ್ಲಿಯೂ ಪರೀಕ್ಷೆಯನ್ನು ತಪ್ಪದೆ ಪುನರಾವರ್ತಿಸಿ.

ಪ್ರತಿಬಂಧಕಗಳನ್ನು, ಅಂದರೆ ಕಿಣ್ವವನ್ನು ತಡೆಯುವ ಸಂಯುಕ್ತಗಳನ್ನು, ಶೋಧಿಸುವಾಗ ಜಿಎಲ್‌ಜಿಇ ಕ್ರಿಯೆಯಲ್ಲಿ ಬಿಡುಗಡೆಯಾಗುವ ಫಾಸ್ಫೇಟನ್ನು ಮ್ಯಾಲಕೈಟ್ ಗ್ರೀನ್ ಬಣ್ಣದಿಂದ ಅಳೆಯಬಹುದು. ಸಂಯುಕ್ತಗಳು ಗಂಟುಕಟ್ಟಿ ಸುಳ್ಳು ಫಲಿತಾಂಶ ಕೊಡದಂತೆ ಸ್ವಲ್ಪ ಡಿಟರ್ಜೆಂಟ್ ಸೇರಿಸಿ.

ಕೊನೆಯ ಅಡ್ಡಿ ಕೋಶದೊಳಕ್ಕೆ ಪ್ರವೇಶ. ಮಾಲ್ಟೋಸನ್ನು ಹೋಲುವ, ನೀರಿನಲ್ಲಿ ಸುಲಭವಾಗಿ ಕರಗುವ ಅಣುಗಳು ಮೇಣದಂಥ ಕೋಶಭಿತ್ತಿಯನ್ನು ದಾಟಲಾರವು. ಹೋಲಿಕೆಗೆ ಇನ್ನೊಂದು ಗುರಿಯನ್ನು ನೋಡಿ: ಕೋಶಭಿತ್ತಿಗೆ ಬೇಕಾದ ಅರಾಬಿನೋಸ್ ಸಕ್ಕರೆಯ ತಯಾರಿಕೆಯಲ್ಲಿ ಪಾಲ್ಗೊಳ್ಳುವ ಡಿಪಿಆರ್‌ಇ1 ಕಿಣ್ವ ಒಳಪೊರೆಯ ಹೊರಬದಿಯಲ್ಲೇ ಇರುವುದರಿಂದ ಔಷಧಕ್ಕೆ ಹೆಚ್ಚು ಸುಲಭವಾಗಿ ಎಟುಕುತ್ತದೆ. ಬೆಂಗಳೂರಿನ ಆಸ್ಟ್ರಾಜೆನೆಕಾ ಪ್ರಯೋಗಾಲಯದಲ್ಲಿ ಅದರ ವಿರುದ್ಧ ರೂಪುಗೊಂಡ ಅಝಾಇಂಡೋಲ್ ಸಂಯುಕ್ತವೊಂದು ಮಾನವ ಪ್ರಯೋಗದ ಹಂತವನ್ನೂ ತಲುಪಿತು.